ಮೀನು ಹೊರಹಾಕುವ ಅಮೋನಿಯ ಮತ್ತು ಕೆರೆ ನೀರಿನ ರಸಸಾರ

ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಮೂಗಿಗೆ ಬಡಿಯುವ ಘಾಟು ವಾಸನೆ ಅಮೋನಿಯದ್ದು ಎಂಬುದು ರೈತರಿಗೆ ತಿಳಿದೇ ಇದೆ. ದನವು ಗಂಜಲದಲ್ಲಿ ಯೂರಿಯವನ್ನು ಬಿಡುತ್ತದೆ. ಚೀಲದಲ್ಲಿ ಕೊಂಡು ತಂದು ಬೆಳೆಗೆ ಹಾಕುವ ಯೂರಿಯವೂ ಇದೂ ಒಂದೇ ವಸ್ತು. ನೆಲದಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಕೋಳಿಯ ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಯೂರಿಕ್ ಆಮ್ಲ. ದನದ ಯೂರಿಯವಾಗಲಿ, ಕೋಳಿಯ ಯೂರಿಕ್ ಆಮ್ಲವಾಗಲಿ, ಎರಡೂ ದೇಹಕ್ಕೆ ಬೇಡವಾದ ಸಾರಜನಕದ ಕಸವೇ. ಮೀನು ಈ ಕಸವನ್ನು ಯಾವ ರೂಪದಲ್ಲಿ, ದೇಹದ ಯಾವ ಭಾಗದಿಂದ ಹೊರಹಾಕುತ್ತದೆ ಎಂಬುದನ್ನು ಅರಿತರೆ ಕೆರೆ ಹೊಂಡಗಳಲ್ಲಿ ಮೀನು ಸಾಯುವ ಹಲವು ಪ್ರಸಂಗಗಳ ಕಾರಣ ತಿಳಿಯುತ್ತದೆ. ಮುಖ್ಯವಾಗಿ, ಮೀನು ಮೇಲೆ ಬಂದು ಒದ್ದಾಡುವುದನ್ನು ಕಂಡೊಡನೆ ಸುಟ್ಟ ಸುಣ್ಣ ಎರಚುವ ರೂಢಿ ಏಕೆ ಅಪಾಯಕರ ಎಂಬುದೂ ಸ್ಪಷ್ಟವಾಗುತ್ತದೆ.

ಕಿವಿರೇ ದಾರಿ

ಮೇವಿನಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನು, ಜೀರ್ಣವಾಗಿ ಮೈಗೂಡಿದ ಮೇಲೆ ಉಳಿದ ಭಾಗ ಶಕ್ತಿಗಾಗಿ ಉರಿದುಹೋಗುತ್ತದೆ. ಹಾಗೆ ಉರಿಯುವಾಗ ಅದರ ಸಾರಜನಕ ಅಮೋನಿಯವಾಗಿ ಬೇರ್ಪಡುತ್ತದೆ. ಅಮೋನಿಯ ತೀವ್ರ ವಿಷ. ಅದನ್ನು ಅಪಾಯವಿಲ್ಲದಷ್ಟು ತೆಳುವಾಗಿಸಿ ಹೊರಗೆ ಸಾಗಿಸಲು ಒಂದು ಗ್ರಾಂ ಸಾರಜನಕಕ್ಕೆ ಸುಮಾರು ಅರ್ಧ ಲೀಟರು ನೀರು ಬೇಕು. ಯೂರಿಯವಾದರೆ ಅದರ ಹತ್ತನೆಯ ಒಂದು ಪಾಲು ಸಾಕು. ಆದುದರಿಂದ ನೆಲದ ಮೇಲೆ ಬಾಳುವ ದನ, ಕುರಿ, ಮನುಷ್ಯ ಇವೆಲ್ಲ ತಮ್ಮ ಶಕ್ತಿಯನ್ನು ವ್ಯಯಮಾಡಿ ಅಮೋನಿಯವನ್ನು ಪಿತ್ತಜನಕಾಂಗದಲ್ಲಿ ಯೂರಿಯವಾಗಿ ಮಾರ್ಪಡಿಸಿಕೊಳ್ಳುತ್ತವೆ. ಮೀನಿಗೆ ಈ ಖರ್ಚು ಬೇಕಿಲ್ಲ. ಸುತ್ತಲೂ ನೀರೇ ಇರುವುದರಿಂದ ಅಮೋನಿಯವನ್ನು ಹಾಗೆಯೇ ನೀರಿಗೆ ಬಿಟ್ಟುಬಿಡುತ್ತದೆ.

ಮೀನು ಮೂತ್ರ ಮಾಡುವುದಿಲ್ಲವೆಂದು ಇದರ ಅರ್ಥವಲ್ಲ. ಸಿಹಿನೀರಿನ ಮೀನಿನ ಮೈಯೊಳಕ್ಕೆ ಹೊರಗಿನ ನೀರು ಸದಾ ಜಿನುಗುತ್ತಿರುವುದರಿಂದ ಅದು ಧಾರಾಳವಾಗಿಯೇ ಮೂತ್ರ ಮಾಡುತ್ತದೆ. ಆದರೆ ಅದು ಬಹಳ ತೆಳುವಾದ ಮೂತ್ರ. ಅದರಲ್ಲಿ ಸಾರಜನಕ ಅತ್ಯಲ್ಪ. ಅಮೆರಿಕದ ವಿಜ್ಞಾನಿ ಹೋಮರ್ ಸ್ಮಿತ್ ಅವರು 1929ರಲ್ಲಿ ಗೆಂಡೆ ಮತ್ತು ಚಿನ್ನದ ಮೀನುಗಳನ್ನು ಎರಡು ಭಾಗ ಮಾಡಿದ ಪೆಟ್ಟಿಗೆಯಲ್ಲಿಟ್ಟು, ತಲೆಯ ಕಡೆಯ ನೀರು ಬಾಲದ ಕಡೆಗೆ ಬೆರೆಯದಂತೆ ರಬ್ಬರಿನ ತಡೆ ಹಾಕಿ ಎರಡೂ ಕಡೆಯ ನೀರನ್ನು ಪರೀಕ್ಷಿಸಿದರು. ಮೂತ್ರ ಬೀಳುವ ಹಿಂದಿನ ಭಾಗಕ್ಕಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಸಾರಜನಕ ಕಿವಿರಿನ ಕಡೆಯ ನೀರಿನಲ್ಲಿ ದೊರೆಯಿತು. ಕಿವಿರು ಉಸಿರಾಟಕ್ಕೆ ಮಾತ್ರ ಎಂದು ನಾವು ತಿಳಿದಿರುತ್ತೇವೆ. ಮೀನಿನ ಪಾಲಿಗೆ ಅದು ಬಚ್ಚಲೂ ಹೌದು.

ಕಿವಿರಿನಲ್ಲಿ ನಡೆಯುವುದು ಸರಳವಾದ ಇಳಿಜಾರಿನ ಕೆಲಸ. ರಕ್ತದಲ್ಲಿ ಅಮೋನಿಯ ಹೆಚ್ಚು, ಹೊರಗಿನ ನೀರಿನಲ್ಲಿ ಕಡಿಮೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿಯುವಂತೆ ಅದು ತಾನಾಗಿಯೇ ಹೊರಕ್ಕೆ ಹರಿಯುತ್ತದೆ. ಕಿವಿರಿನ ಪೊರೆಯಲ್ಲಿ ಇದಕ್ಕೆಂದೇ ಸಣ್ಣ ಬಾಗಿಲುಗಳಿವೆ ಎಂಬುದು ಇತ್ತೀಚಿನ ಸಂಶೋಧನೆ. ಆ ಬಾಗಿಲುಗಳಾದ ಪ್ರೋಟೀನುಗಳು, ನಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲಿ ‘ಆರ್.ಎಚ್. ಪಾಸಿಟಿವ್’ ಎಂದು ಬರೆಯುತ್ತಾರಲ್ಲ, ಆ ಆರ್.ಎಚ್. ಕುಟುಂಬಕ್ಕೆ ಸೇರಿದವು. ಮೀನು ಉಸಿರು ಬಿಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡು ಕಿವಿರಿಗೆ ಅಂಟಿದ ನೀರಿನ ತೆಳು ಪದರವನ್ನು ಸ್ವಲ್ಪ ಹುಳಿಯಾಗಿಸುತ್ತದೆ. ಹೊರಬಂದ ಅಮೋನಿಯ ಆ ಹುಳಿಯಲ್ಲಿ ಅಮೋನಿಯಂ ಆಗಿ ಸಿಕ್ಕಿಕೊಂಡು ಮತ್ತೆ ಒಳಕ್ಕೆ ಬರಲಾರದಾಗುತ್ತದೆ. ಅಚ್ಚುಕಟ್ಟಾದ ಏರ್ಪಾಡು. ಆದರೆ ಹೊರಗಿನ ನೀರು ಚೆನ್ನಾಗಿರುವವರೆಗೆ ಮಾತ್ರ ಇದು ನಡೆಯುತ್ತದೆ. ಕೆಳಗಿನ ಗದ್ದೆಯೇ ತುಂಬಿದ್ದರೆ ಮೇಲಿನ ಗದ್ದೆಯ ನೀರು ಎಲ್ಲಿಗೆ ಇಳಿಯಬೇಕು?

ನೀರಿನಲ್ಲಿ ಬಾಳುವ ಇತರ ಜೀವಿಗಳ ವಿಷಯ ಚಿಕ್ಕದಾಗಿ ಹೇಳಬಹುದು. ಸೀಗಡಿ, ಏಡಿ, ಕೆರೆಯ ಕಪ್ಪೆಚಿಪ್ಪು ಇವೂ ಬಹುಮಟ್ಟಿಗೆ ಅಮೋನಿಯವನ್ನೇ ಬಿಡುತ್ತವೆ. ಕಪ್ಪೆಯ ಗೊದಮೊಟ್ಟೆ ನೀರಿನಲ್ಲಿರುವವರೆಗೆ ಅಮೋನಿಯ ಬಿಡುತ್ತದೆ, ಕಾಲು ಮೂಡಿ ದಡಕ್ಕೆ ಏರುವ ಹೊತ್ತಿಗೆ ಯೂರಿಯಕ್ಕೆ ತಿರುಗುತ್ತದೆ. ಸಮುದ್ರದ ಶಾರ್ಕ್ ಮತ್ತು ತೊರಕೆ ಮೀನುಗಳು ಯೂರಿಯವನ್ನು ರಕ್ತದಲ್ಲಿಯೇ ಉಳಿಸಿಕೊಂಡು ಉಪ್ಪುನೀರನ್ನು ಎದುರಿಸುತ್ತವೆ. ಹಳಸಿದ ಶಾರ್ಕ್ ಮಾಂಸ ಕೊಟ್ಟಿಗೆಯಂತೆ ನಾರುವುದು ಇದರಿಂದಲೇ. ನಮ್ಮ ಕೆಸರು ಹೊಂಡಗಳಲ್ಲಿ ಸಿಗುವ ಚೇಳು ಮೀನು ಅಗತ್ಯ ಬಿದ್ದಾಗ ಅಮೋನಿಯವನ್ನು ಯೂರಿಯವಾಗಿಸಿಕೊಳ್ಳಬಲ್ಲದು. ಆದಕಾರಣ ಬೇಸಗೆಯ ಕೊಳೆತ ಕೆಸರಿನಲ್ಲಿಯೂ ಅದು ಬದುಕಿರುತ್ತದೆ. ಮಾಗಡಿ ಸರೋವರದ ತಿಲಾಪಿಯ ಎಲ್ಲಕ್ಕಿಂತ ವಿಚಿತ್ರ. ಇದು ನಮ್ಮ ಮಾಗಡಿಯಲ್ಲ, ಆಫ್ರಿಕದ ಕೆನ್ಯಾ ದೇಶದ ಮಾಗಡಿ. ಅಲ್ಲಿಯ ನೀರು ಸೋಡಾ ತುಂಬಿದ ಚೌಳು ನೀರು, ರಸಸಾರ ಸುಮಾರು 10. ಅಂಥ ನೀರಿಗೆ ಕಿವಿರಿನಿಂದ ಅಮೋನಿಯ ಬಿಡುವುದು ಸಾಧ್ಯವೇ ಇಲ್ಲವಾದ್ದರಿಂದ ಆ ಮೀನು ಹೆಚ್ಚುಕಡಿಮೆ ಎಲ್ಲ ಸಾರಜನಕವನ್ನೂ ಯೂರಿಯವಾಗಿ ಬಿಡುತ್ತದೆ. ನಮ್ಮ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ಈ ವಿದ್ಯೆ ಇಲ್ಲ.

ಒಂದೇ ಅಮೋನಿಯ, ಎರಡು ರೂಪ

ನೀರಿನಲ್ಲಿ ಕರಗಿದ ಅಮೋನಿಯ ಎರಡು ರೂಪದಲ್ಲಿರುತ್ತದೆ. ಒಂದು ವಿದ್ಯುದಂಶವುಳ್ಳ ಅಮೋನಿಯಂ. ಇದು ಕಿವಿರನ್ನು ಸುಲಭವಾಗಿ ದಾಟಲಾರದು, ಅಷ್ಟಾಗಿ ಕೇಡು ಮಾಡದು. ಇನ್ನೊಂದು ಬಿಡಿ ಅಮೋನಿಯ. ಇದೇ ವಿಷ. ಎರಡರ ಪ್ರಮಾಣ ಎಷ್ಟೆಷ್ಟು ಎಂಬುದನ್ನು ನೀರಿನ ರಸಸಾರ, ಅಂದರೆ ಪಿ.ಎಚ್., ನಿರ್ಧರಿಸುತ್ತದೆ. ಉಷ್ಣತೆ ಏರಿದರೂ ಬಿಡಿ ಅಮೋನಿಯ ಸ್ವಲ್ಪ ಹೆಚ್ಚುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಸಾವಿರಕ್ಕೆ ಸುಮಾರು 6 ಪಾಲು ಮಾತ್ರ ಬಿಡಿ ಅಮೋನಿಯ. ರಸಸಾರ 8 ಆದರೆ ನೂರಕ್ಕೆ 5 ಪಾಲು. 9 ಆದರೆ ನೂರಕ್ಕೆ 36 ಪಾಲು.

ಒಂದು ಕೆರೆಯ ನೀರಿನಲ್ಲಿ ಒಟ್ಟು ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಬೆಳಗ್ಗೆ ರಸಸಾರ 7.5 ಇದ್ದಾಗ ಬಿಡಿ ಅಮೋನಿಯ ಸುಮಾರು 0.04 ಮಿಲಿಗ್ರಾಂ. ಮೀನು ತಡೆದುಕೊಳ್ಳುತ್ತದೆ. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ರಸಸಾರ 9ಕ್ಕೆ ಏರಿದರೆ ಬಿಡಿ ಅಮೋನಿಯ 0.7 ಮಿಲಿಗ್ರಾಂ ದಾಟುತ್ತದೆ. ಹೊರಗಿನಿಂದ ಒಂದು ತೊಟ್ಟು ಕೊಳೆನೀರೂ ಬಂದಿಲ್ಲ, ಆದರೂ ವಿಷ ಸುಮಾರು ಇಪ್ಪತ್ತು ಪಟ್ಟಾಯಿತು. ಗೆಂಡೆ ಮೀನುಗಳಿಗೆ ಬಿಡಿ ಅಮೋನಿಯ 0.05 ಮಿಲಿಗ್ರಾಂಗಿಂತ ಕಡಿಮೆ ಇರುವುದು ಲೇಸು. ದಿನಗಟ್ಟಲೆ ಅದಕ್ಕಿಂತ ಹೆಚ್ಚಿದ್ದರೆ ಮೇವು ತಿಂದರೂ ಮೈ ಹತ್ತುವುದಿಲ್ಲ, ಕಿವಿರು ಊದಿಕೊಳ್ಳುತ್ತದೆ, ರೋಗ ತಗಲುತ್ತದೆ. 1 ಮಿಲಿಗ್ರಾಂ ಸಮೀಪಿಸಿದರೆ ಸಾವು ಆರಂಭ. ಮರಿಗಳು ಇನ್ನೂ ಬೇಗ ಸಾಯುತ್ತವೆ.

ಮಧ್ಯಾಹ್ನ ರಸಸಾರ ಏರುವುದೇಕೆ? ಹಸಿರು ಪಾಚಿ ಬಿಸಿಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹುಳಿ ಕೊಡುತ್ತಿದ್ದ ಆ ಅನಿಲ ಕಡಿಮೆಯಾದಂತೆ ನೀರು ಕ್ಷಾರವಾಗುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಆ ಅನಿಲವನ್ನು ಹಿಂದಕ್ಕೆ ಕೊಡುವುದರಿಂದ ಬೆಳಗಿನ ಹೊತ್ತಿಗೆ ರಸಸಾರ ಇಳಿದಿರುತ್ತದೆ. ಬೆಳಗ್ಗೆ ಏಳು ಗಂಟೆಗೆ ಶೀಸೆಯಲ್ಲಿ ನೀರು ತುಂಬಿ ಪರೀಕ್ಷೆಗೆ ಒಯ್ದು ‘ಎಲ್ಲ ಸರಿಯಿದೆ’ ಎಂಬ ವರದಿ ತಂದವರ ಹೊಂಡದಲ್ಲಿ ಸಂಜೆ ಮೀನು ಸಾಯಬಹುದು. ವರದಿಯೂ ಸುಳ್ಳಲ್ಲ, ಮೀನು ಸತ್ತದ್ದೂ ಸುಳ್ಳಲ್ಲ.

ಬೆಂಗಳೂರು ದಕ್ಷಿಣದ ಕೆರೆಗಳು

ಈ ಸಂಗತಿಯನ್ನು ಕಣ್ಣಾರೆ ನೋಡಬೇಕಾದರೆ ಬೆಂಗಳೂರು ನಗರದ ದಕ್ಷಿಣ ಭಾಗದ ಕೆರೆಗಳಿಗೆ ಹೋಗಬೇಕು. ಜಯನಗರದ ಯಡಿಯೂರು ಕೆರೆ, ಜೆ.ಪಿ. ನಗರದ ಸಾರಕ್ಕಿ ಕೆರೆ ಮತ್ತು ಪುಟ್ಟೇನಹಳ್ಳಿ ಕೆರೆ, ಬಿ.ಟಿ.ಎಂ. ಬಡಾವಣೆಯ ಪಕ್ಕದಲ್ಲಿ 270 ಎಕರೆಯಷ್ಟು ಹರಡಿರುವ ಮಡಿವಾಳ ಕೆರೆ ಇವೆಲ್ಲ ಹಿಂದೆ ಹಳ್ಳಿಗಳ ಕೆರೆಗಳು. ಏರಿಯ ಕೆಳಗೆ ಗದ್ದೆ ತೋಟಗಳಿದ್ದವು. ಈಗ ಸುತ್ತಲೂ ಮನೆಗಳು. ಮಡಿವಾಳದ ಕೋಡಿ ನೀರು ಅಗರ ಕೆರೆಗೂ ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳಿಗೂ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಒಬ್ಬ ವಯಸ್ಕ ಮನುಷ್ಯ ದಿನವೊಂದಕ್ಕೆ ಮೂತ್ರದಲ್ಲಿ ಸುಮಾರು 11 ಗ್ರಾಂ ಸಾರಜನಕ ಬಿಡುತ್ತಾನೆ. ಬಹುಪಾಲು ಯೂರಿಯವೇ. ಚರಂಡಿಯಲ್ಲಿ ಹರಿಯುವಷ್ಟರಲ್ಲಿ ಅದು ಒಡೆದು ಅಮೋನಿಯವಾಗುತ್ತದೆ. ಶುದ್ಧೀಕರಿಸದ ಒಳಚರಂಡಿ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 20ರಿಂದ 40 ಮಿಲಿಗ್ರಾಂ ಅಮೋನಿಯ ಸಾರಜನಕ ಇರುತ್ತದೆ. ಇಂಥ ನೀರು ಮಳೆಗಾಲುವೆಯ ಮೂಲಕ ಕೆರೆಗೆ ನುಗ್ಗಿದಾಗ ಮೀನಿನ ಬಚ್ಚಲಿಗೆ ಊರಿನ ಬಚ್ಚಲು ಎದುರು ನಿಂತಂತೆ ಆಗುತ್ತದೆ. ಅದೇ ಸಾರಜನಕವನ್ನು ಉಂಡು ಪಾಚಿ ದಟ್ಟವಾಗುತ್ತದೆ, ಪಾಚಿ ಮಧ್ಯಾಹ್ನದ ರಸಸಾರವನ್ನು ಏರಿಸುತ್ತದೆ. ಕೊಳೆನೀರು ಹೀಗೆ ಎರಡು ಕಡೆಯಿಂದಲೂ ಕೆಲಸ ಮಾಡುತ್ತದೆ.

ಬೆಂಗಳೂರಿನ ಕೆರೆಗಳಲ್ಲಿ ಮೀನು ಸತ್ತ ಪ್ರಸಂಗಗಳು ಹಲವು. 1995ರ ಜೂನ್ ತಿಂಗಳಲ್ಲಿ ಸ್ಯಾಂಕಿ ಕೆರೆಯಲ್ಲಿ, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ತೇಲಿದುವು. ಎರಡು ಕಡೆಯೂ ಕೊಳೆನೀರು ಸೇರಿ ಕರಗಿದ ಆಮ್ಲಜನಕ ಕುಸಿದದ್ದೇ ಮುಖ್ಯ ಕಾರಣವೆಂದು ಹೇಳಲಾಯಿತು. ಇದು ಸರಿಯೇ. ಆದರೆ ಆಮ್ಲಜನಕ ಕಡಿಮೆಯಾದಾಗ ಅಲ್ಪ ಪ್ರಮಾಣದ ಅಮೋನಿಯವೂ ಹೆಚ್ಚು ವಿಷವಾಗುತ್ತದೆ ಎಂಬುದನ್ನು ಮರೆಯಬಾರದು. ಉಸಿರಿಗಾಗಿ ಮೀನು ಹೆಚ್ಚು ನೀರನ್ನು ಕಿವಿರಿನ ಮೇಲೆ ಹರಿಸುತ್ತದೆ, ಆ ನೀರಿನಲ್ಲಿರುವ ವಿಷವೂ ಹೆಚ್ಚಾಗಿಯೇ ತಾಗುತ್ತದೆ.

ನಗರದ ಕೊಳೆ ಕೆರೆಗಳಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಕೊಬ್ಬಿ ಬೆಳೆಯುವುದನ್ನು ಕಂಡು ‘ಈ ನೀರಿನಲ್ಲಿ ಮೀನು ಚೆನ್ನಾಗಿಯೇ ಬರುತ್ತದೆ’ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ಗಾಳಿಯನ್ನೂ ಉಸಿರಾಡಬಲ್ಲ, ಅಮೋನಿಯವನ್ನು ಬಹಳವಾಗಿ ಸಹಿಸಬಲ್ಲ ಮೀನು. ಅದರ ಸಾಕಣೆಗೆ ನಿಷೇಧವೂ ಇದೆ. ಅದು ಬದುಕಿದ ನೀರು ಕಾಟ್ಲಾಕ್ಕೆ ಒಗ್ಗುತ್ತದೆ ಎನ್ನಲಾಗದು.

ನಗರದ ಮಾತು ಹಳ್ಳಿಯ ರೈತರಿಗೇಕೆ ಎಂದು ಕೇಳಬಹುದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯಲ್ಲಿ 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಜಯನಗರದ ಪೂರ್ವ ಭಾಗ, ಬಿ.ಟಿ.ಎಂ. ಬಡಾವಣೆ ಮುಂತಾದ ಕಡೆಯ ಇಳಿಜಾರು ಈ ಕಣಿವೆಗೇ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದಾಗ ಮೀನು ಬಿಡಬೇಕೆಂಬ ಆಸೆ ಸಹಜ. ಶುದ್ಧೀಕರಿಸಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ, ವಾಸನೆ ಇಲ್ಲದಿದ್ದರೂ, ಘಟಕದಲ್ಲಿ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಕೆಲಸ ಪೂರ್ತಿಯಾಗಿರದಿದ್ದರೆ ಅದರಲ್ಲಿ ಅಮೋನಿಯ ಉಳಿದಿರಬಹುದು. ಇಂಥ ಕೆರೆಗಳನ್ನು ಗುತ್ತಿಗೆ ಹಿಡಿಯುವವರು ಮೀನುಮರಿಗೆ ಹಣ ಕಟ್ಟುವ ಮುಂಚೆ ನೀರು ಒಳಬರುವ ತೂಬಿನ ಬಳಿ ಮತ್ತು ಏರಿಯ ಬಳಿ, ಎರಡು ಕಡೆಯ ನೀರನ್ನೂ ಮಧ್ಯಾಹ್ನದ ವೇಳೆ ಪರೀಕ್ಷಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ತಕ್ಕ ‘ಡಿ’ ವರ್ಗದ ನೀರಿಗೆ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ರಸಸಾರ 6.5ರಿಂದ 8.5, ಬಿಡಿ ಅಮೋನಿಯ 1.2 ಮಿಲಿಗ್ರಾಂ ಅಥವಾ ಕಡಿಮೆ ಎಂದಿದೆ. ಈ 1.2 ಎಂಬ ಮಿತಿ ಗೆಂಡೆ ಬೆಳೆಸುವವರಿಗೆ ತೀರ ಸಡಿಲ. ಮೇಲೆ ಹೇಳಿದ 0.05 ಮಿಲಿಗ್ರಾಂ ಮಟ್ಟವನ್ನೇ ಗಮನದಲ್ಲಿಡುವುದು ಒಳ್ಳೆಯದು.

ಹೊಂಡದ ಲೆಕ್ಕ

ಕೊಳೆನೀರಿನ ಸೋಂಕೇ ಇಲ್ಲದ ಕೃಷಿ ಹೊಂಡದಲ್ಲಿ ಅಮೋನಿಯ ಬರುವುದು ಮೇವಿನಿಂದ. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮವಾಗಿ ಬೆರೆಸಿದ ಮೇವಿನಲ್ಲಿ ನೂರಕ್ಕೆ ಸುಮಾರು 28 ಪಾಲು ಸಸಾರಜನಕ ಇರುತ್ತದೆ. ಒಂದು ಕಿಲೋ ಮೇವಿನಲ್ಲಿ ಸಾರಜನಕ 45 ಗ್ರಾಂ ಆಯಿತು. ಇದರಲ್ಲಿ ಮೀನಿನ ಮೈಗೆ ಸೇರುವುದು ಸುಮಾರು ಕಾಲುಭಾಗ. ಉಳಿದ 34 ಗ್ರಾಂ ಕಿವಿರಿನಿಂದಲೋ, ಮಲ ಮತ್ತು ತಿನ್ನದೆ ಉಳಿದ ಮೇವು ಕೊಳೆಯುವುದರಿಂದಲೋ ನೀರಿಗೆ ಬರುತ್ತದೆ. ಅಂದರೆ ಮೂರು ಜನರ ಒಂದು ದಿನದ ಮೂತ್ರ ಹೊಂಡಕ್ಕೆ ಬಿದ್ದರೂ ಒಂದು ಕಿಲೋ ಮೇವು ಹಾಕಿದರೂ ಅಮೋನಿಯದ ಲೆಕ್ಕ ಒಂದೇ. ನಗರದ ಕೆರೆಗೆ ಯಾರೂ ಅಳೆಯದೆ ಹಗಲಿರುಳು ಎಷ್ಟು ‘ಮೇವು’ ಬೀಳುತ್ತಿದೆ ಎಂಬುದನ್ನು ಇದರಿಂದ ಊಹಿಸಬಹುದು.

ಒಂದು ಎಕರೆಯ ಹೊಂಡದಲ್ಲಿ ಐದು ಅಡಿ ನೀರಿದ್ದರೆ ಸುಮಾರು 61 ಲಕ್ಷ ಲೀಟರು. ದಿನಕ್ಕೆ 10 ಕಿಲೋ ಮೇವು ಹಾಕಿದರೆ ಲೀಟರಿಗೆ 0.055 ಮಿಲಿಗ್ರಾಂನಷ್ಟು ಸಾರಜನಕ ಸೇರುತ್ತದೆ. ಪಾಚಿ ಮತ್ತು ತಳದ ಬ್ಯಾಕ್ಟೀರಿಯ ಇದನ್ನು ದಿನದಿನವೂ ತೆಗೆದುಕೊಂಡುಹೋಗುತ್ತವೆ. ಆದುದರಿಂದ ಸಾಧಾರಣ ಹೊಂಡದಲ್ಲಿ ತೊಂದರೆ ಕಾಣದು. ಬೇಸಗೆಯಲ್ಲಿ ನೀರು ಎರಡು ಅಡಿಗೆ ಇಳಿದಾಗಲೂ ಅದೇ 10 ಕಿಲೋ ಮೇವನ್ನು ಮುಂದುವರಿಸಿದಾಗ, ಅಥವಾ ನಾಲ್ಕು ದಿನ ಮೋಡ ಕವಿದು ಪಾಚಿ ಒಮ್ಮೆಗೇ ಸತ್ತು ತಳಕ್ಕೆ ಬಿದ್ದಾಗ, ಈ ಸಮತೋಲ ಮುರಿಯುತ್ತದೆ. ಹಸಿ ಕೋಳಿಗೊಬ್ಬರ, ಯೂರಿಯ ಹಾಕಿದ್ದರೆ ಇನ್ನೂ ಬೇಗ.

ಮೇವು ತಿಂದ ನಾಲ್ಕರಿಂದ ಎಂಟು ಗಂಟೆಗಳ ನಂತರ ಮೀನು ಅತಿ ಹೆಚ್ಚು ಅಮೋನಿಯ ಬಿಡುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಎಲ್ಲ ಮೇವನ್ನೂ ಒಂದೇ ಸಲ ಹಾಕಿದರೆ ಈ ಏರುಹೊತ್ತು ಸರಿಯಾಗಿ ರಸಸಾರದ ಏರುಹೊತ್ತಿನ ಮೇಲೆಯೇ ಬೀಳುತ್ತದೆ. ನೀರು ಗಾಢ ಹಸಿರಾಗಿ, ಮೊಣಕೈವರೆಗೆ ಮುಳುಗಿಸಿದ ಕೈಯ ಬೆರಳು ಕಾಣದಂತಿದ್ದರೆ ಮೇವನ್ನು ಅರ್ಧಕ್ಕೆ ಇಳಿಸಿ ಎರಡು ಹೊತ್ತಿಗೆ ಹಂಚಬೇಕು. ಗೊಬ್ಬರವನ್ನು ಪೂರ್ತಿ ನಿಲ್ಲಿಸಬೇಕು.

ಸುಟ್ಟ ಸುಣ್ಣ ಎರಚಬೇಡಿ

ಆಮ್ಲಜನಕದ ಕೊರತೆಯಾದರೆ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತದೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ. ಅಮೋನಿಯದ ತೊಂದರೆ ಮಧ್ಯಾಹ್ನದ ಮೇಲೆ, ಬಿಸಿಲಿರುವಾಗಲೇ ಕಾಣುತ್ತದೆ. ಮೀನು ಗುರಿಯಿಲ್ಲದೆ ಸುತ್ತುತ್ತದೆ, ಮಗ್ಗುಲಾಗಿ ಈಜುತ್ತದೆ, ಮೈ ನಡುಗಿಸುತ್ತದೆ. ವಿಷ ತಲುಪಿರುವುದು ಅದರ ಮೆದುಳಿಗೆ. ಹೊಸ ನೀರು ಬೀಳುವ ಜಾಗವಿದ್ದರೆ ಎಲ್ಲವೂ ಅಲ್ಲಿ ಗುಂಪು ಸೇರುತ್ತವೆ.

ಎರಡರಲ್ಲಿ ಯಾವುದೆಂದು ನೋಡದೆ ಸುಣ್ಣ ಹಾಕುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಮರಿ ಬಿಡುವ ಮೊದಲು ಒಣಗಿದ ತಳಕ್ಕೆ ಸುಣ್ಣ ಹಾಕಿ ಹೊಂಡ ಸಿದ್ಧಪಡಿಸುವುದು ಉತ್ತಮ ಕ್ರಮವೇ. ಆದರೆ ಮೀನಿರುವ, ಅಮೋನಿಯ ತುಂಬಿದ ನೀರಿಗೆ ಸುಟ್ಟ ಸುಣ್ಣವನ್ನಾಗಲಿ ಅರಳಿಸಿದ ಸುಣ್ಣವನ್ನಾಗಲಿ ಎರಚಿದರೆ ರಸಸಾರ ಒಮ್ಮೆಗೇ ಮೇಲೇರುತ್ತದೆ. ಅಷ್ಟರವರೆಗೆ ನಿರಪಾಯವಾಗಿದ್ದ ಅಮೋನಿಯಂ ಕೆಲವೇ ನಿಮಿಷಗಳಲ್ಲಿ ಬಿಡಿ ಅಮೋನಿಯವಾಗುತ್ತದೆ. ಅರ್ಧ ಜೀವ ಇದ್ದ ಮೀನು ಪೂರ್ತಿ ಸಾಯುತ್ತದೆ. ಸುಣ್ಣ ಕೊಡಲೇಬೇಕಾದ ಹುಳಿ ನೀರಾದರೆ ಪುಡಿ ಮಾಡಿದ ಕೃಷಿ ಸುಣ್ಣದ ಕಲ್ಲನ್ನು ಬಳಸಬೇಕು. ಅದು ರಸಸಾರವನ್ನು 8.5ರ ಆಚೆಗೆ ಒಯ್ಯಲಾರದು.

ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟು: ಮೇವನ್ನು ಒಡನೆಯೇ ನಿಲ್ಲಿಸುವುದು, ಕೊಳವೆ ಬಾವಿಯ ಅಥವಾ ಕಾಲುವೆಯ ಹೊಸ ನೀರನ್ನು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬಿಡುವುದು, ತಳದ ಹಳೆಯ ನೀರನ್ನು ತೂಬಿನಿಂದ ಹೊರಕ್ಕೆ ಬಿಡುವುದು, ಪಂಪ್‌ಸೆಟ್ಟಿನಿಂದ ನೀರನ್ನು ಎತ್ತಿ ಚಿಮ್ಮಿಸಿ ಬೀಳಿಸುವುದು. ಮೂರು ನಾಲ್ಕು ದಿನ ಉಪವಾಸವಿದ್ದರೆ ಮೀನಿಗೆ ಏನೂ ಆಗುವುದಿಲ್ಲ.

ಮರಿಯ ಚೀಲ ಮತ್ತು ಬಯೋಫ್ಲಾಕ್ ತೊಟ್ಟಿ

ಭದ್ರಾ ಯೋಜನೆಯ ಕೇಂದ್ರದಂಥ ದೂರದ ಸ್ಥಳಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ತರುವ ಬಿತ್ತನೆ ಮರಿಗಳ ವಿಷಯದಲ್ಲಿಯೂ ಇದೇ ನಿಯಮ. ಹೊಟ್ಟೆ ಖಾಲಿಯಿದ್ದರೆ ಚೀಲದ ನೀರಿಗೆ ಅಮೋನಿಯ ಕಡಿಮೆ ಸೇರುವುದರಿಂದ ತುಂಬುವ ಹಿಂದಿನ ದಿನ ಮರಿಗಳಿಗೆ ಮೇವು ಕೊಡುವುದಿಲ್ಲ. ದಾರಿಯಲ್ಲಿ ಅಮೋನಿಯ ಹೆಚ್ಚುತ್ತ ಹೋದರೂ ಮರಿಗಳು ಬಿಟ್ಟ ಇಂಗಾಲದ ಡೈಆಕ್ಸೈಡು ಚೀಲದಲ್ಲಿಯೇ ಉಳಿದು ರಸಸಾರವನ್ನು ತಗ್ಗಿಸುವುದರಿಂದ ಅವು ಬದುಕಿರುತ್ತವೆ. ದಡದಲ್ಲಿ ಚೀಲದ ಬಾಯಿ ಬಿಚ್ಚಿ ನೆರೆಯವರಿಗೆಲ್ಲ ತೋರಿಸುತ್ತ ಅರ್ಧ ಗಂಟೆ ಇಟ್ಟರೆ ಆ ಅನಿಲ ಹಾರಿಹೋಗಿ ರಸಸಾರ ಏರುತ್ತದೆ, ಅಲ್ಲಿಯವರೆಗೆ ಕಾಪಾಡಿದ ನೀರೇ ವಿಷವಾಗುತ್ತದೆ. ಬಾಯಿ ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಬಿಟ್ಟು ಬಿಸಿ ತಂಪು ಹೊಂದಿಕೆಯಾದ ಮೇಲೆ ಬಿಚ್ಚಬೇಕು. ಬಿಚ್ಚಿದ ಮೇಲೆ ತಡಮಾಡದೆ ಕೆರೆಯ ನೀರನ್ನು ಸ್ವಲ್ಪ ಸೇರಿಸಿ ಮರಿಗಳನ್ನು ಬಿಡಬೇಕು.

ನಗರದ ಅಂಚಿನಲ್ಲಿ ಸಣ್ಣ ನಿವೇಶನಗಳಲ್ಲಿಯೂ ಈಗ ಬಯೋಫ್ಲಾಕ್ ತೊಟ್ಟಿಗಳನ್ನು ಕಟ್ಟುತ್ತಿದ್ದಾರೆ. 10 ಸಾವಿರ ಲೀಟರಿನ ತೊಟ್ಟಿಗೆ ದಿನಕ್ಕೆ ಒಂದು ಕಿಲೋ ಮೇವು ಹಾಕಿದರೆ ಲೀಟರಿಗೆ 3.4 ಮಿಲಿಗ್ರಾಂ ಸಾರಜನಕ ಸೇರುತ್ತದೆ. ಮೇಲಿನ ಹೊಂಡಕ್ಕೆ ಹೋಲಿಸಿದರೆ ಅರವತ್ತು ಪಟ್ಟು. ಇದನ್ನು ತಡೆಯಲು ಬೆಲ್ಲ ಅಥವಾ ಕಾಕಂಬಿಯನ್ನು ಕೊಟ್ಟು ಬ್ಯಾಕ್ಟೀರಿಯ ಬೆಳೆಸಿ ಅಮೋನಿಯವನ್ನು ಅವುಗಳ ಮೈಗೆ ಸೇರಿಸುವುದೇ ಬಯೋಫ್ಲಾಕ್ ಪದ್ಧತಿ. ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ ಅವರ ಲೆಕ್ಕದಂತೆ ಒಂದು ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 20 ಗ್ರಾಂ ಸಕ್ಕರೆ ಪಿಷ್ಟಾದಿಗಳು ಬೇಕು. ಆ ಬ್ಯಾಕ್ಟೀರಿಯಗಳಿಗೂ ಗಾಳಿ ಎಡೆಬಿಡದೆ ಬೇಕು. ವಿದ್ಯುತ್ತು ಎರಡು ಗಂಟೆ ನಿಂತರೂ ನಷ್ಟವಾಗುವ ಪದ್ಧತಿಯಿದು. ಜನರೇಟರಿಲ್ಲದವರು ಇದಕ್ಕೆ ಕೈಹಾಕದಿರುವುದೇ ಮೇಲು ಎಂದು ನಮ್ಮ ಅಭಿಪ್ರಾಯ.

ಅಮೋನಿಯ ಅಳೆಯುವ ಸಣ್ಣ ಕಿಟ್‌ಗಳು ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಸಾಮಾನ್ಯ ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು, ವಿಷದ ಪಾಲನ್ನಲ್ಲ. ಜೊತೆಗೆ ರಸಸಾರದ ಕಾಗದವನ್ನೂ ಕೊಂಡು, ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ನಡುವೆ ಎರಡನ್ನೂ ಒಟ್ಟಿಗೆ ನೋಡಿ, ತಾರೀಖು ಹಾಕಿ ಬರೆದಿಟ್ಟುಕೊಳ್ಳಬೇಕು. ಸಂದೇಹವಿದ್ದರೆ ಈ ಟಿಪ್ಪಣಿಯನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಒಯ್ದು ತೋರಿಸಬಹುದು.